ಒಂದು ಮಿಲಿಮೀಟರು, ಎಪ್ಪತ್ತು ಮೀಟರು

ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ವೀರಗಲ್ಲುಗಳ ಮುಂದೆ ನಿಲ್ಲದೆ ಬರುವುದಿಲ್ಲ. ಹೊಸೂರು ಸೀಮೆಯ ಹೊಲಗಳಲ್ಲಿ, ಕೆರೆಯಂಚಿನಲ್ಲಿ, ಗುಡಿಗಳ ಮಗ್ಗುಲಲ್ಲಿ ಇಂಥ ಕಲ್ಲುಗಳು ಇಂದಿಗೂ ನಿಂತಿವೆ. ದನ ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ ಸತ್ತವನು, ಊರು ಕಾಯುತ್ತ ಬಿದ್ದವನು. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಕತ್ತಿ. ಕೆಲವರ ಮೈಗೆ ನೆಟ್ಟ ಬಾಣಗಳನ್ನೂ ಶಿಲ್ಪಿ ಬಿಡದೆ ಕೆತ್ತಿದ್ದಾನೆ.

ಆ ಬಿಲ್ಲುಗಳಲ್ಲಿ ಗುರಿ ನೋಡಲು ಬೇರೆ ಸಾಧನವೇನೂ ಕಾಣುವುದಿಲ್ಲ. ಕಣ್ಣು, ಬಾಣದ ಮೊನೆ ಮತ್ತು ವರ್ಷಗಟ್ಟಲೆಯ ರೂಢಿ, ಇವಿಷ್ಟೇ ಆ ವೀರನ ಲೆಕ್ಕ. ಇಂದಿನ ಸ್ಪರ್ಧೆಯ ಬಿಲ್ಲಿನಲ್ಲಿ ಆ ಲೆಕ್ಕದ ಒಂದು ಪಾಲನ್ನು ಲೋಹದ ಪುಟ್ಟ ಸಾಧನವೊಂದು ಹೊತ್ತುಕೊಂಡಿದೆ. ಅದೇ ಸೈಟ್. ಬಿಲ್ಲಿನ ಹಿಡಿಯಿಂದ ಮುಂದಕ್ಕೆ ಚಾಚಿದ ಒಂದು ಕಡ್ಡಿ, ಅದರ ತುದಿಗೆ ಲಂಬವಾಗಿ ನಿಂತ ಮಿಲಿಮೀಟರ್ ಗೆರೆಗಳ ಪಟ್ಟಿ, ಆ ಪಟ್ಟಿಯ ಮೇಲೆ ಏರಿಳಿಯುವ ಒಂದು ತುಂಡು, ಅದಕ್ಕೆ ಅಂಟಿಕೊಂಡ ಪುಟ್ಟ ಉಂಗುರ ಅಥವಾ ಪಿನ್. ಎರಡು ತಿರುಪುಗಳು: ಒಂದು ಮೇಲೆ-ಕೆಳಗೆ, ಇನ್ನೊಂದು ಎಡ-ಬಲ. ತಿರುಗಿಸಿದರೆ ಬೆರಳಿಗೆ ‘ಟಿಕ್’ ಎನ್ನುವುದು ತಿಳಿಯುತ್ತದೆ. ಒಂದು ಟಿಕ್ ಎಂದರೆ ಮಿಲಿಮೀಟರಿನ ಸಣ್ಣದೊಂದು ಪಾಲು.

ಇಷ್ಟು ಸೂಕ್ಷ್ಮ ಯಾಕೆ ಬೇಕು ಎಂಬುದಕ್ಕೆ ಉತ್ತರ ಸರಳ ಗಣಿತದಲ್ಲಿದೆ. ಒಲಿಂಪಿಕ್ಸ್‌ನ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಬಿಲ್ಲುಗಾರ 70 ಮೀಟರ್ ದೂರದ ಗುರಿಗೆ ಹೊಡೆಯುತ್ತಾನೆ. ಅವನ ಕಣ್ಣಿಗೂ ಸೈಟಿನ ಪಿನ್ನಿಗೂ ನಡುವೆ ಇರುವುದು ಸುಮಾರು 85 ಸೆಂಟಿಮೀಟರ್. ಅಂದರೆ ಗುರಿ ಪಿನ್ನಿಗಿಂತ ಹೆಚ್ಚುಕಡಿಮೆ 80 ಪಟ್ಟು ದೂರ. ಪಿನ್ ಒಂದೇ ಒಂದು ಮಿಲಿಮೀಟರ್ ಸರಿದರೆ ಅಲ್ಲಿ ಬಾಣ 8 ಸೆಂಟಿಮೀಟರ್ ಸರಿಯುತ್ತದೆ. ಗುರಿಹಲಗೆಯ ಒಂದೊಂದು ಉಂಗುರದ ಅಗಲ 6.1 ಸೆಂಟಿಮೀಟರ್. ನಡುವಿನ ಹಳದಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 12.2 ಸೆಂಟಿಮೀಟರ್. ಒಂದು ಮಿಲಿಮೀಟರ್ ತಪ್ಪಿದರೆ ಒಂದು ಅಂಕ ಕೈಬಿಟ್ಟಂತೆಯೇ.

ಇನ್ನು ಬಾಣದ ಬೀಳುವಿಕೆ. ಸೆಕೆಂಡಿಗೆ 60 ಮೀಟರ್ ವೇಗದ ಬಾಣ 70 ಮೀಟರ್ ಮುಟ್ಟಲು ಸುಮಾರು 1.2 ಸೆಕೆಂಡ್ ಬೇಕು. ಅಷ್ಟರಲ್ಲಿ ಭೂಮಿ ಅದನ್ನು ಆರೂವರೆ ಮೀಟರಿಗೂ ಹೆಚ್ಚು ಕೆಳಗೆಳೆಯುತ್ತದೆ. ಎರಡು ಮಹಡಿಯ ಮನೆಯಷ್ಟು. ಆದ್ದರಿಂದ ಬಾಣವನ್ನು ಮೇಲ್ಮುಖವಾಗಿಯೇ ಬಿಡಬೇಕು, ಆದರೆ ಕಣ್ಣು ಮಾತ್ರ ಹಳದಿಯ ಮೇಲೇ ಇರಬೇಕು. ಪಿನ್ನನ್ನು ಕೆಳಗಿಳಿಸುವುದು ಇದಕ್ಕಾಗಿಯೇ. ಇಳಿದ ಪಿನ್ನನ್ನು ಮತ್ತೆ ಹಳದಿಗೆ ತರಬೇಕಾದರೆ ಬಿಲ್ಲು ಹಿಡಿದ ಕೈ ತಾನಾಗಿ ಮೇಲೇಳುತ್ತದೆ. ದೂರ ಹೆಚ್ಚಿದಷ್ಟೂ ಪಿನ್ ಕೆಳಕ್ಕೆ. ಹೊಸಬರು ಇಲ್ಲಿ ತಡವರಿಸುತ್ತಾರೆ. ಅವರಿಗೆ ಹೇಳಿಕೊಡುವ ಸೂತ್ರ ಒಂದೇ: ಬಾಣ ಹೋದ ಕಡೆಗೇ ಪಿನ್ನನ್ನು ಸರಿಸು. ಬಾಣ ಕೆಳಗೆ ಬಿದ್ದರೆ ಪಿನ್ ಕೆಳಗೆ, ಎಡಕ್ಕೆ ಬಿದ್ದರೆ ಎಡಕ್ಕೆ.

ದೂರಕ್ಕೆ ಸೈಟ್ ಹೊಂದಿಸುವ ಕೆಲಸ ಹತ್ತಿರದಿಂದಲೇ ಶುರುವಾಗುತ್ತದೆ. ಮೊದಲು 18 ಅಥವಾ 20 ಮೀಟರ್. ಒಂದು ಬಾಣ ನೋಡಿ ತಿರುಪಿಗೆ ಕೈ ಹಾಕುವಂತಿಲ್ಲ. ಆರು ಬಾಣ ಬಿಟ್ಟು, ಅವು ಗುಂಪಾಗಿ ಬಿದ್ದ ಜಾಗದ ನಡುಬಿಂದು ಹಿಡಿಯಬೇಕು. ಗುಂಪಿನಿಂದ ಹೊರಬಿದ್ದ ಒಂಟಿ ಬಾಣದ ತಪ್ಪು ಬಿಲ್ಲುಗಾರನದು, ಸೈಟಿನದಲ್ಲ. ಗುಂಪು ನಡುವಿಗೆ ಬಂದ ಮೇಲೆ ಪಟ್ಟಿಯ ಮೇಲಿನ ಅಂಕೆಯನ್ನು ನೋಟ್‌ಬುಕ್‌ನಲ್ಲಿ ಬರೆದು, 30ಕ್ಕೆ ಹಿಂದೆ ಸರಿಯುವುದು. ಆಮೇಲೆ 50. ಮೇಲೆ ಹೇಳಿದ ವೇಗದ ಬಾಣಕ್ಕೆ ಪ್ರತಿ 20 ಮೀಟರಿಗೆ ಪಿನ್ ಎರಡೂಕಾಲು ಸೆಂಟಿಮೀಟರಿಗೂ ತುಸು ಹೆಚ್ಚು ಇಳಿಯುತ್ತದೆ. ಗಾಳಿಯ ತಡೆಯಿಂದ ದೂರ ಹೋದಂತೆ ಈ ಅಂತರ ಇನ್ನಷ್ಟು ಹಿಗ್ಗುತ್ತದೆ. ಹೀಗಾಗಿ 30 ಮತ್ತು 50ರ ಗುರುತುಗಳು ಕೈಗೆ ಬಂದರೆ 70ರದ್ದನ್ನು ಅಂದಾಜು ಮಾಡಬಹುದು. ಆದರೆ ಆ ಅಂದಾಜಿನಿಂದ ಬಾಣ ಹಲಗೆಗೆ ತಾಗೀತು, ಅಷ್ಟೇ. ಅಲ್ಲಿಂದ ಹಳದಿಗೆ ತರುವುದು ತಾಳ್ಮೆಯ ಕೆಲಸ.

ಹಗುರ ಬಿಲ್ಲಿನ ಮಕ್ಕಳಿಗೆ ಬೇರೊಂದು ತೊಡಕು. ಅವರ ಬಾಣ ನಿಧಾನ, ಆದ್ದರಿಂದ ಪಿನ್ ಬಹಳ ಇಳಿಯಬೇಕು. ಕೊನೆಗೆ ಪಟ್ಟಿಯೇ ಮುಗಿದುಹೋಗುತ್ತದೆ, ಇಲ್ಲವೇ ಬಾಣದ ಗರಿ ಸೈಟಿಗೆ ತಗಲುತ್ತದೆ. ಚಾಚಿದ ಕಡ್ಡಿಯನ್ನು ಬಿಲ್ಲಿನ ಕಡೆಗೆ ಎಳೆದುಕೊಂಡರೆ ಒಂದಿಷ್ಟು ಜಾಗ ಸಿಗುತ್ತದೆ. ಹಗುರ ಬಾಣವೂ ನೆರವಾಗುತ್ತದೆ. ಅದೂ ಸಾಲದಿದ್ದರೆ ತೋಳಿಗೆ ಇನ್ನಷ್ಟು ಬಲ ಬರುವವರೆಗೆ 50 ಮೀಟರಿನಲ್ಲೇ ಇರುವುದು ಒಳ್ಳೆಯದು. ಅವಸರಕ್ಕೆ ಭಾರದ ಬಿಲ್ಲು ಕೊಟ್ಟು ಮಕ್ಕಳ ಭುಜ ಕೆಡಿಸುವುದು ಅನ್ಯಾಯ.

ಹೊಸೂರಿನವರು ನೆನಪಿಡಬೇಕಾದ ಮತ್ತೊಂದು ಸಂಗತಿಯಿದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ತುಸು ತೆಳು. ಇಲ್ಲಿ ಹೊಂದಿಸಿದ ಸೈಟ್ ಇಟ್ಟುಕೊಂಡು ಚೆನ್ನೈನ ಮೈದಾನದಲ್ಲಿ ನಿಂತರೆ, 70 ಮೀಟರಿನಲ್ಲಿ ಬಾಣ ಸ್ವಲ್ಪ ಕೆಳಗೆ ಬೀಳುತ್ತದೆ. ಸ್ಪರ್ಧೆಗೆ ಮುಂಚಿನ ಅಭ್ಯಾಸದ ಬಾಣಗಳಲ್ಲೇ ಅದನ್ನು ಸರಿಪಡಿಸಿಕೊಳ್ಳಬೇಕು.

ಕಾಂಪೌಂಡ್ ಬಿಲ್ಲಿನಲ್ಲಿ ಈ ಸೂಕ್ಷ್ಮ ಇನ್ನೂ ಒಂದು ಹೆಜ್ಜೆ ಮುಂದೆ. ತುದಿಗಳಲ್ಲಿ ರಾಟೆಗಳಿರುವ ಈ ಬಿಲ್ಲಿಗೆ ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದರು. ರಿಕರ್ವ್‌ನಲ್ಲಿ ನಿಷಿದ್ಧವಾದ ದೊಡ್ಡದು ಮಾಡಿ ತೋರಿಸುವ ಮಸೂರ, ಬಿಲ್ಲು ವಾಲಿದ್ದನ್ನು ತೋರುವ ಗುಳ್ಳೆಯ ಮಟ್ಟ, ಹೆದೆಯೊಳಗೆ ಕೂರಿಸಿದ ಇಣುಕುಕಿಂಡಿ, ಎಲ್ಲಕ್ಕೂ ಇಲ್ಲಿ ಅನುಮತಿಯಿದೆ. ದೂರ 50 ಮೀಟರ್. ಹತ್ತು ಅಂಕದ ವೃತ್ತ 8 ಸೆಂಟಿಮೀಟರ್.

ಜಮ್ಮುವಿನ ಕಿಶ್ತ್ವಾಡ ಜಿಲ್ಲೆಯ ಶೀತಲ್ ದೇವಿ ಹೊಡೆಯುವುದು ಈ ಬಿಲ್ಲಿನಿಂದಲೇ. ಹುಟ್ಟಿನಿಂದಲೇ ಆಕೆಗೆ ಎರಡೂ ತೋಳುಗಳಿಲ್ಲ. ಕುರ್ಚಿಯಲ್ಲಿ ಕುಳಿತು ಬಲಗಾಲಿನಿಂದ ಬಿಲ್ಲು ಎತ್ತುತ್ತಾಳೆ, ಬಲ ಭುಜದಿಂದ ಹೆದೆ ಸೆಳೆಯುತ್ತಾಳೆ, ದವಡೆಯ ಬಲದಿಂದ ಬಾಣ ಬಿಡುತ್ತಾಳೆ. ಸೈಟಿನ ಒಳಗೆ ಹಳದಿ ನಿಲ್ಲುವುದು ಆಕೆಯ ಪಾದದ ಸ್ಥಿರತೆಯಿಂದ. ಬಿಲ್ಲನ್ನು ಎತ್ತಿಹಿಡಿದ ಆ ಕಾಲು ಅಲುಗದೆ ನಿಲ್ಲುವುದನ್ನು ವಿಡಿಯೊದಲ್ಲಿ ಒಮ್ಮೆ ನೋಡಿದವರು ಮರೆಯಲಾರರು. ಕಟ್ರಾದಲ್ಲಿ ಕುಲದೀಪ್ ವೇದವಾನ್ ಮತ್ತು ಅಭಿಲಾಷಾ ಚೌಧರಿ ಅವರಲ್ಲಿ ಕಲಿತ ಹುಡುಗಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ 72 ಬಾಣಗಳಿಂದ 720ಕ್ಕೆ 703 ಅಂಕ ಗಳಿಸಿದಳು. ಆದರೆ ವೈಯಕ್ತಿಕ ಸ್ಪರ್ಧೆಯಲ್ಲಿ ಚಿಲಿಯ ಮರಿಯಾನಾ ಝುನಿಗಾ ಎದುರು 137-138ರಿಂದ ಸೋತಳು. ಒಂದೇ ಅಂಕ. ಆಮೇಲೆ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚು ಗೆದ್ದಾಗ ಆಕೆಗೆ 17 ವರ್ಷ.

ಹಳೆಯ ಸ್ಪರ್ಧೆಗಳಲ್ಲಿ ಸೈಟಿನ ಕೆಲಸ ಇನ್ನೂ ಹೆಚ್ಚಿತ್ತು. 1972ರಲ್ಲಿ ಮ್ಯೂನಿಕ್‌ನಲ್ಲಿ ಬಿಲ್ಲುಗಾರಿಕೆ ಒಲಿಂಪಿಕ್ಸ್‌ಗೆ ಮರಳಿದಾಗ ಗಂಡಸರು 90, 70, 50, 30 ಮೀಟರ್, ಹೆಂಗಸರು 70, 60, 50, 30 ಮೀಟರ್ ದೂರಗಳಿಂದ ಹೊಡೆಯಬೇಕಿತ್ತು. ದೂರ ಬದಲಾದಾಗಲೆಲ್ಲ ಪಿನ್ ಬದಲಾಗಬೇಕು. ನೋಟ್‌ಬುಕ್‌ನ ಅಂಕೆ ತಪ್ಪಾಗಿದ್ದರೆ ಆ ದೂರದ ಮೊದಲ ಬಾಣಗಳು ಹೋದಂತೆಯೇ. 1992ರ ಬಾರ್ಸಿಲೋನಾದಿಂದ ಒಬ್ಬರೆದುರು ಒಬ್ಬರ ಪಂದ್ಯ ಬಂದು, ಅದಕ್ಕೆ 70 ಮೀಟರ್ ಒಂದೇ ದೂರವಾಯಿತು.

ಈ ಸಾಧನವನ್ನು ಹೆಸರುವಾಸಿ ಮಾಡಿದ ಕಂಪನಿಗಳು ಜಪಾನಿನ ಶಿಬುಯಾ, ಅಮೆರಿಕದ ಆಕ್ಸೆಲ್‌ನಂಥವು. ಒಳ್ಳೆಯ ಸೈಟಿಗೆ ಹತ್ತಾರು ಸಾವಿರ ರೂಪಾಯಿ. ಬಿದಿರ ಬಿಲ್ಲು ಹಿಡಿದು 30 ಮತ್ತು 50 ಮೀಟರಿನ ‘ಇಂಡಿಯನ್ ರೌಂಡ್’ನಲ್ಲಿ ಪಳಗಿದ ಹಳ್ಳಿಯ ಮಕ್ಕಳು ರಿಕರ್ವ್ ಅಥವಾ ಕಾಂಪೌಂಡ್‌ಗೆ ದಾಟುವಾಗ ಎಡವುವುದು ಈ ಬೆಲೆಯಲ್ಲಿ. ಪ್ರತಿಭೆ ಇದ್ದೂ ಹಿಂದುಳಿಯುವ ಇಂಥ ಮಕ್ಕಳ ಬಗ್ಗೆ ಯಾರಾದರೂ ಕಾಳಜಿ ವಹಿಸಬೇಕು.

ಹಾಗೆ ಕಾಳಜಿ ವಹಿಸಲು ಹೊಸೂರಿಗಿಂತ ತಕ್ಕ ಊರು ಇನ್ನೊಂದಿಲ್ಲ. ಟಾಟಾ ಮತ್ತು ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ 1984ರಲ್ಲಿ ಹುಟ್ಟುಹಾಕಿದ ಟೈಟಾನ್ ತನ್ನ ಕೈಗಡಿಯಾರದ ಕಾರ್ಖಾನೆ ಕಟ್ಟಿದ್ದು ಇಲ್ಲೇ. 2002ರಲ್ಲಿ ಅದು ಹೊರತಂದ ‘ಎಡ್ಜ್’ ಗಡಿಯಾರದ ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ್ದು 1.15. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಸಿಎನ್‌ಸಿ ಯಂತ್ರದ ಮುಂದೆ ನಿಂತವರು ಮೈಕ್ರಾನ್ ಲೆಕ್ಕದಲ್ಲೇ ದಿನ ಕಳೆಯುತ್ತಾರೆ. ಅಲ್ಯೂಮಿನಿಯಂ ಪಟ್ಟಿ, ಸಣ್ಣ ಎಳೆಯ ತಿರುಪು, ಸ್ಪ್ರಿಂಗ್, ಟಿಕ್ ಎನ್ನುವ ಗುಂಡು: ಸೈಟಿನಲ್ಲಿರುವ ಯಾವುದೂ ಈ ಕೈಗಳಿಗೆ ಹೊಸದಲ್ಲ.

ಇನ್ನುಳಿದದ್ದು ನೆಲ. 70 ಮೀಟರಿಗೆ ಸೈಟ್ ಹೊಂದಿಸಲು ಗುರಿಯ ಹಿಂದಿನ ಸುರಕ್ಷಿತ ಜಾಗವೂ ಸೇರಿ ನೂರು ಮೀಟರಿಗೂ ಹೆಚ್ಚು ಖಾಲಿ ಬಯಲು ಬೇಕು. ಬೆಂಗಳೂರು ಹೆದ್ದಾರಿಯುದ್ದಕ್ಕೂ ಲೇಔಟುಗಳು ಏಳುತ್ತಿರುವಾಗ ಅಂಥ ಬಯಲು ಉಳಿದಿರುವುದು ಹಳೆಯ ಶಾಲಾ ಕಾಲೇಜುಗಳ ಮೈದಾನಗಳಲ್ಲೇ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಮೊದಲ ಬಾರಿಗೆ ನಡೆಯಲಿದೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್‌ನ ಐದೂ ಚಿನ್ನ ಭಾರತಕ್ಕೆ ಬಂದಿದ್ದವು. ಗಡಿಯಾಚೆ ಈಚೆ ಕನ್ನಡ, ತೆಲುಗು, ತಮಿಳು ಮೂರನ್ನೂ ಮಾತಾಡುವ ಈ ಸೀಮೆಯ ಒಂದು ಹುಡುಗಿಯೋ ಹುಡುಗನೋ ಆ ಸಾಲಿಗೆ ಸೇರಬೇಕಾದರೆ, ಬೆಳಗಿನ ಗಾಳಿ ಏಳುವ ಮುನ್ನದ ಎರಡು ಗಂಟೆ ಅಂಥದೊಂದು ಮೈದಾನದ ಗೇಟು ತೆರೆದಿರಬೇಕು.