ಒಂದು ದಿನದ ಸೇವೆ, ಒಂದು ದಿನದ ವಿಹಾರ

ಸೇವೆಗೆ ಪ್ರತಿಫಲವನ್ನು ಬಯಸಬಾರದೆಂಬುದು ಹಿರಿಯರ ಮಾತು. ಆದರೆ ಪ್ರತಿಫಲವೇ ಎದುರು ಬಂದು ಕರೆದರೆ? 2010ರಲ್ಲಿ ಅಮೆರಿಕದ ಡಿಸ್ನಿ ಸಂಸ್ಥೆ ಇಂತಹ ಪ್ರಯೋಗವೊಂದನ್ನು ನಡೆಸಿತು. ಗೊತ್ತಾದ ಸೇವಾಕಾರ್ಯದಲ್ಲಿ ಒಂದು ದಿನ ದುಡಿದವರಿಗೆ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿಗಾಗಲಿ ಫ್ಲಾರಿಡದ ಡಿಸ್ನಿ ವರ್ಲ್ಡಿಗಾಗಲಿ ಒಂದು ದಿನದ ಉಚಿತ ಪ್ರವೇಶ! ಸ್ವಯಂಸೇವಕರಿಗೆ ಕೆಲಸವನ್ನು ಹುಡುಕಿಕೊಡುವ ಹೊಣೆಯನ್ನು 'ಹ್ಯಾಂಡ್ಸ್ ಆನ್ ನೆಟ್‌ವರ್ಕ್' ಹೊತ್ತಿತು. ಜನವರಿ 1ರಂದು ಆರಂಭ. ಗುರಿ ಹತ್ತು ಲಕ್ಷ ಮಂದಿ. ಮಾರ್ಚ್ ತಿಂಗಳಲ್ಲಿಯೇ ಆ ಸಂಖ್ಯೆ ತುಂಬಿ, ಹೆಸರು ನೋಂದಣಿ ನಿಂತಿತು.

ಆಸೆ ತೋರಿಸಿ ಪಡೆದುದು ಸೇವೆಯೆನಿಸೀತೆ? ಬ್ರಿಟನ್ನಿನ ವಿದ್ವಾಂಸ ರಿಚರ್ಡ್ ಟಿಟ್‌ಮಸ್ 1970ರಲ್ಲಿ ರಕ್ತದಾನವನ್ನು ಕುರಿತು ಬರೆಯುತ್ತ, ದಾನಕ್ಕೆ ಬೆಲೆ ಕಟ್ಟಿದರೆ ದಾನಬುದ್ಧಿಯೇ ಕುಗ್ಗುವುದೆಂದು ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಇಲ್ಲಿಯೂ ಮರೆಯಲಾಗದು. ಆದರೂ ಹಸಿದವನಿಗೆ ಮುಖ್ಯವಾದುದು ಊಟ. ಬಡಿಸಿದವನ ಜೇಬಿನಲ್ಲಿರುವ ಟಿಕೆಟಿನ ಗೊಡವೆ ಅವನಿಗೇಕೆ? ಬೆಲ್ಲದ ಆಸೆಗೆ ಕಷಾಯ ಕುಡಿದ ಮಗುವಿಗೂ ಜ್ವರ ಇಳಿಯುವುದುಂಟು.

ಮೊದಲ ದಿನ ಮನುಷ್ಯನನ್ನು ಟಿಕೆಟು ಕರೆತಂದೀತು. ಟಿಕೆಟಿಲ್ಲದ ಎರಡನೆಯ ದಿನವೂ ಅವನು ತಾನಾಗಿ ಬಂದನೆ? ಸೇವೆಗೆ ಅದೇ ಒರೆಗಲ್ಲು.