ಸೊಳ್ಳೆಗೆ ಮಲೇರಿಯಾ ಯಾರಿಂದ ಬರುತ್ತದೆ?

ನಮ್ಮ ಚಾಚಾ ಗೋವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ. ಹೋದ ಮಳೆಗಾಲದಲ್ಲಿ ನಿಪ್ಪಾಣಿಗೆ ಬಂದಾಗ ಅವರಿಗೆ ಚಳಿಜ್ವರ ಬಂತು. ರಕ್ತ ಪರೀಕ್ಷೆಯಲ್ಲಿ ವೈವ್ಯಾಕ್ಸ್ ಮಲೇರಿಯಾ ಎಂದು ಗೊತ್ತಾಯಿತು. ಮೂರು ದಿನದ ಕ್ಲೋರೊಕ್ವಿನ್, 14 ದಿನದ ಪ್ರೈಮಾಕ್ವಿನ್ ಕೊಟ್ಟರು. ಐದನೆಯ ದಿನಕ್ಕೆ ಚಾಚಾ ಗುಳಿಗೆ ಬಿಟ್ಟೇಬಿಟ್ಟರು. "ಜ್ವರಾ ಹೋಗೇತಲ್ರಿ, ಇನ್ನ ಗುಳಿಗಿ ಯಾಕ?" ಎಂದು ಆಶಾ ಕಾರ್ಯಕರ್ತೆಯನ್ನೇ ಕೇಳಿದರು. "ನಿಮ್ಮ ಸಲುವಾಗಿ ಅಷ್ಟ ಅಲ್ರಿ ಅಣ್ಣಾರ, ಓಣಿ ಸಲುವಾಗಿನೂ ನುಂಗ್ರಿ" ಎಂದರು ಅವರು. ಓಣಿಗೂ ಚಾಚಾನ ಗುಳಿಗೆಗೂ ಏನು ಸಂಬಂಧ ಎಂದು ನನಗೆ ಆಗ ತಿಳಿಯಲಿಲ್ಲ.

ಸೊಳ್ಳೆಯಿಂದ ಮಲೇರಿಯಾ ಬರುತ್ತದೆ ಎಂದು ಪ್ರಾಥಮಿಕ ಶಾಲೆಯಿಂದಲೂ ಬರೆಯುತ್ತ ಬಂದಿದ್ದೇವೆ. ಆದರೆ ಯಾವ ಸೊಳ್ಳೆಯೂ ಮಲೇರಿಯಾ ಹೊತ್ತು ಹುಟ್ಟುವುದಿಲ್ಲ. ಅದಕ್ಕೆ ರೋಗಾಣು ಸಿಗುವುದು ಮನುಷ್ಯನ ರಕ್ತದಿಂದ. ಅದೂ ರಕ್ತದಲ್ಲಿ ಗ್ಯಾಮೆಟೊಸೈಟ್ ಎಂಬ ಗಂಡು ಮತ್ತು ಹೆಣ್ಣು ರೂಪದ ರೋಗಾಣುಗಳು ಇದ್ದರೆ ಮಾತ್ರ. ಈ ಗ್ಯಾಮೆಟೊಸೈಟ್‌ಗಳಿಂದ ಜ್ವರ ಬರುವುದಿಲ್ಲ. ಆದ್ದರಿಂದ ಆರಾಮಾಗಿ ಓಡಾಡುವವರ ರಕ್ತದಲ್ಲೂ ಅವು ಇರಬಹುದು. ಫಾಲ್ಸಿಪಾರಂ ಮಲೇರಿಯಾದಲ್ಲಂತೂ ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಉಳಿಯಬಲ್ಲವು.

ಹಾಗಾದರೆ ಒಬ್ಬ ಮನುಷ್ಯನಿಂದ ಸೊಳ್ಳೆಗೆ ರೋಗ ಹೋಗುತ್ತದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಸೂಕ್ಷ್ಮದರ್ಶಕದಲ್ಲಿ ಗ್ಯಾಮೆಟೊಸೈಟ್ ಎಣಿಸಿದರೆ ಸಾಲದು. ಕೆಲವೇ ಇದ್ದರೂ ಸೊಳ್ಳೆಗೆ ಸೋಂಕು ತಗಲಬಹುದು, ಬಹಳ ಇದ್ದರೂ ತಗಲದಿರಬಹುದು. ಸೊಳ್ಳೆಗೆ ಆ ರಕ್ತ ಕುಡಿಸಿಯೇ ನೋಡಬೇಕು.

1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ ಸೇನಾ ವೈದ್ಯ ರೊನಾಲ್ಡ್ ರಾಸ್ ಮಾಡಿದ್ದು ಇದನ್ನೇ. ಹುಸೇನ್ ಖಾನ್ ಎಂಬ ರೋಗಿಯನ್ನು ಪರದೆಯೊಳಗೆ ಮಲಗಿಸಿ, ಮರಿಯಿಂದ ಸಾಕಿದ ಸೊಳ್ಳೆಗಳಿಂದ ಕಚ್ಚಿಸಿದರು. ಒಂದು ಸೊಳ್ಳೆಗೆ ಒಂದಾಣೆ ಕೂಲಿ. ಹತ್ತು ಸೊಳ್ಳೆ ಕಚ್ಚಿದ್ದಕ್ಕೆ ಹತ್ತಾಣೆ ಸಿಕ್ಕಿತು. ಆಗಸ್ಟ್ 20ರಂದು ಆ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರೋಗಾಣುವಿನ ಗಂಟುಗಳು ಕಂಡವು. ರಾಸ್‌ಗೆ 1902ರಲ್ಲಿ ನೊಬೆಲ್ ಬಂತು. ಹುಸೇನ್ ಖಾನ್ ಹೆಸರನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

ಈಗ ಸಾಮಾನ್ಯವಾಗಿ ರೋಗಿಯನ್ನು ಕಚ್ಚಿಸುವುದಿಲ್ಲ. ಒಪ್ಪಿಗೆ ಪಡೆದು ಸ್ವಲ್ಪ ರಕ್ತ ತೆಗೆದುಕೊಳ್ಳುತ್ತಾರೆ. ಅದನ್ನು ಗಾಜಿನ ಬಟ್ಟಲಿಗೆ ಹಾಕಿ, ಕೆಳಗೆ ಚರ್ಮದ ಬದಲು ತೆಳು ಪೊರೆ ಬಿಗಿಯುತ್ತಾರೆ. ಬಟ್ಟಲಿನ ಸುತ್ತ ಬೆಚ್ಚನೆಯ ನೀರು ಹರಿಯುತ್ತಿರುತ್ತದೆ. ಕೆಲವು ಗಂಟೆ ಉಪವಾಸವಿದ್ದ ಹೆಣ್ಣು ಸೊಳ್ಳೆಗಳು ಪೊರೆ ಚುಚ್ಚಿ ರಕ್ತ ಕುಡಿಯುತ್ತವೆ. ಇವು ಪ್ರಯೋಗಾಲಯದಲ್ಲೇ ಬೆಳೆದ ಸೊಳ್ಳೆಗಳು, ಆದ್ದರಿಂದ ಸೋಂಕು ಕಂಡರೆ ಅದು ಈ ರಕ್ತದ್ದೇ.

ಕಷ್ಟ ಇರುವುದು ರಕ್ತವನ್ನು 37 ಡಿಗ್ರಿಯಲ್ಲಿ ಕಾಯುವುದರಲ್ಲಿ. ಸೊಳ್ಳೆಯ ಹೊಟ್ಟೆ ನಮ್ಮ ದೇಹಕ್ಕಿಂತ ತಂಪು. ಆ ತಂಪು ತಾಗಿದಾಗಲೇ ಗಂಡು ಗ್ಯಾಮೆಟೊಸೈಟ್ ಒಡೆದು ಬಾಲದಂಥ ಎಳೆಗಳನ್ನು ಬಿಡುತ್ತದೆ, ಹೆಣ್ಣನ್ನು ಕೂಡುವುದು ಅವು. ಕಾಗವಾಡದ ಹಳ್ಳಿಯಲ್ಲಿ ತೆಗೆದ ರಕ್ತವನ್ನು ಬರೀ ಕೈಚೀಲದಲ್ಲಿಟ್ಟು ಚಿಕ್ಕೋಡಿ ಬಸ್ಸು ಹತ್ತಿದರೆ, ಸೊಳ್ಳೆಯ ಬಾಯಿಗೆ ಬೀಳುವ ಮೊದಲೇ ಟ್ಯೂಬಿನಲ್ಲಿ ಈ ಕೆಲಸ ಮುಗಿದಿರುತ್ತದೆ. ಆಗ ಸೋಂಕು ಕಾಣದಿದ್ದರೆ ರೋಗಿಯಿಂದ ಹರಡುವುದಿಲ್ಲ ಎಂದು ಸುಳ್ಳು ಉತ್ತರ ಬರೆದಂತೆ.

ರಕ್ತ ಕುಡಿದ ಸೊಳ್ಳೆಗಳನ್ನು ಸಕ್ಕರೆ ನೀರು ಕೊಟ್ಟು ಏಳೆಂಟು ದಿನ ಸಾಕುತ್ತಾರೆ. ಆಮೇಲೆ ಹೊಟ್ಟೆ ಬಿಡಿಸಿ, ಹಿಂದೆ ಗಾಯಕ್ಕೆ ಹಚ್ಚುತ್ತಿದ್ದ ಕೆಂಪು ಮರ್ಕ್ಯುರೊಕ್ರೋಮ್ ಬಣ್ಣ ಹಾಕಿ, ಗಂಟುಗಳನ್ನು ಎಣಿಸುತ್ತಾರೆ. 50 ಸೊಳ್ಳೆಗಳಲ್ಲಿ 10ರಲ್ಲಿ ಗಂಟು ಕಂಡರೆ ಶೇಕಡಾ 20 ಸೋಂಕು. ಔಷಧ ಕೊಡುವ ಮೊದಲು ಮತ್ತು ಕೊಟ್ಟ ನಂತರ ಹೀಗೆ ಅಳೆದರೆ, ಅದು ಜ್ವರ ಮಾತ್ರ ಇಳಿಸಿತೋ, ಹರಡುವುದನ್ನೂ ತಡೆಯಿತೋ ತಿಳಿಯುತ್ತದೆ. ಗೋವಾದಲ್ಲೂ ಮಲೇರಿಯಾ ರೋಗಿಗಳ ರಕ್ತವನ್ನು ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗಳಿಗೆ ಕುಡಿಸಿ ನೋಡಿದ್ದಾರೆ. ಕಟ್ಟಡ ಕಟ್ಟುವ ಜಾಗದಲ್ಲಿ ನಿಂತ ನೀರೆಂದರೆ ಈ ಸೊಳ್ಳೆಗೆ ಬಲು ಇಷ್ಟ.

ಎರಡು ತಿಂಗಳಿಗೆ ಚಾಚಾಗೆ ಮತ್ತೆ ಜ್ವರ ಬಂತು. ವೈವ್ಯಾಕ್ಸ್ ರೋಗಾಣು ಯಕೃತ್ತಿನಲ್ಲಿ ಮಲಗಿದ್ದು ಎದ್ದು ಬರುತ್ತದೆ. ಅದನ್ನು ಕೊಲ್ಲುವುದು ಅವರು ಬಿಟ್ಟ ಆ ಪ್ರೈಮಾಕ್ವಿನ್ನೇ. ಎದ್ದ ರೋಗಾಣು ಬೇಗನೇ ಗ್ಯಾಮೆಟೊಸೈಟ್ ಬಿಡುತ್ತದೆ, ಎಷ್ಟೋ ಸಲ ಪರೀಕ್ಷೆಗೆ ಹೋಗುವ ಮೊದಲೇ. ಆ ದಿನಗಳಲ್ಲಿ ಚಾಚಾ ಕಟ್ಟೆಯ ಮೇಲೆ ಪರದೆಯಿಲ್ಲದೆ ಮಲಗುತ್ತಿದ್ದರು, ಪಕ್ಕದಲ್ಲಿ ನಾವೆಲ್ಲ ಮಕ್ಕಳು.

ಈ ಸಲ ಚಾಚಿ ಗುಳಿಗೆಯ ಪಟ್ಟಿಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡು, ಊಟವಾದ ಮೇಲೆ ಒಂದೊಂದಾಗಿ ಎದುರೇ ನುಂಗಿಸಿದರು. ಕ್ಯಾಲೆಂಡರಿನಲ್ಲಿ ಹದಿನಾಲ್ಕು ಗೆರೆ ಎಳೆದವಳು ನಾನು.