ವೈದ್ಯಕೀಯ ಸಂಶೋಧನೆಯಲ್ಲಿ ಜೈವಿಕ ಸಂಖ್ಯಾಶಾಸ್ತ್ರ ಮತ್ತು ಯಂತ್ರ ಕಲಿಕೆ

ಜೈವಿಕ ಸಂಖ್ಯಾಶಾಸ್ತ್ರವು ಜೀವವಿಜ್ಞಾನ ಹಾಗೂ ವೈದ್ಯಕೀಯ ದತ್ತಾಂಶವನ್ನು ಸಂಗ್ರಹಿಸಿ, ವಿಶ್ಲೇಷಿಸಿ, ತೀರ್ಮಾನಕ್ಕೆ ಬರುವ ವಿಧಾನಗಳನ್ನು ಕುರಿತ ಶಾಸ್ತ್ರ. ಯಂತ್ರ ಕಲಿಕೆಯು ಉದಾಹರಣೆಗಳಿಂದ ನಿಯಮಗಳನ್ನು ಗುರುತಿಸಿ ಮುನ್ಸೂಚನೆ ನೀಡುವ ಗಣಕ ವಿಧಾನ. ಮೊದಲನೆಯದು ತೀರ್ಮಾನದ ಅನಿಶ್ಚಿತತೆಯನ್ನು ಅಳೆಯಲು ಒತ್ತು ನೀಡಿದರೆ, ಎರಡನೆಯದು ಮುನ್ಸೂಚನೆಯ ನಿಖರತೆಗೆ ಒತ್ತು ನೀಡುತ್ತದೆ. ಇಂದಿನ ಸಂಶೋಧನೆಯಲ್ಲಿ ಇವೆರಡನ್ನೂ ಒಟ್ಟಾಗಿ ಬಳಸಲಾಗುತ್ತದೆ.

ಇತಿಹಾಸ

ಶ್ವಾಸಕೋಶದ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ನೀಡಿ ನಡೆಸಿದ ಪ್ರಯೋಗದ ಫಲಿತಾಂಶವನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು 1948ರಲ್ಲಿ ಪ್ರಕಟಿಸಿತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಸಲಹೆಯಂತೆ, ಯಾರಿಗೆ ಔಷಧ ನೀಡಬೇಕೆಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ರೋಗಿಗಳ ಬದುಕುಳಿಯುವ ಅವಧಿಯನ್ನು ಅಂದಾಜಿಸುವ ಕಪ್ಲಾನ್-ಮೇಯರ್ ವಿಧಾನ 1958ರಲ್ಲಿಯೂ, ಡೇವಿಡ್ ಕಾಕ್ಸ್ ಅವರ ಅಪಾಯ ಮಾದರಿ 1972ರಲ್ಲಿಯೂ ಪ್ರಕಟವಾದವು.

ರಕ್ತದ ಕ್ಯಾನ್ಸರ್ ವರ್ಗೀಕರಣ

1999ರಲ್ಲಿ ಅಮೆರಿಕದ ಟಾಡ್ ಗೋಲಬ್ ಮತ್ತು ಸಂಗಡಿಗರು ತೀವ್ರ ರಕ್ತಕ್ಯಾನ್ಸರಿನ ಎರಡು ಬಗೆಗಳನ್ನು ವಂಶವಾಹಿಗಳ ಚಟುವಟಿಕೆಯಿಂದಲೇ ಬೇರ್ಪಡಿಸಬಹುದೆಂದು ತೋರಿಸಿದರು. ಈ ಬಗೆಗಳಿಗೆ ಚಿಕಿತ್ಸೆ ಬೇರೆಬೇರೆಯಾದ್ದರಿಂದ ಅವುಗಳ ಗುರುತಿಸುವಿಕೆ ಮಹತ್ವದ್ದು. 38 ಮಾದರಿಗಳಲ್ಲಿ 6,817 ವಂಶವಾಹಿಗಳನ್ನು ಅಳೆದು, ಅವುಗಳಲ್ಲಿ 50ನ್ನು ಆಯ್ದು ರೂಪಿಸಿದ ವರ್ಗೀಕಾರಕವನ್ನು 34 ಹೊಸ ಮಾದರಿಗಳ ಮೇಲೆ ಪರೀಕ್ಷಿಸಲಾಯಿತು. ಅದು 29 ಮಾದರಿಗಳಿಗೆ ದೃಢವಾದ ಉತ್ತರ ನೀಡಿತು, ಅವೆಲ್ಲವೂ ಸರಿಯಾಗಿದ್ದವು.

ಬಹು ಪರೀಕ್ಷೆಗಳ ಸಮಸ್ಯೆ

20,000 ವಂಶವಾಹಿಗಳಲ್ಲಿ ಒಂದಕ್ಕೂ ರೋಗದೊಡನೆ ಸಂಬಂಧವಿಲ್ಲದಿದ್ದರೂ, ಪ್ರತಿಯೊಂದನ್ನೂ ಶೇಕಡಾ 5ರ ಮಟ್ಟದಲ್ಲಿ ಪರೀಕ್ಷಿಸಿದರೆ ಸರಾಸರಿ 1,000 ವಂಶವಾಹಿಗಳು ಸಂಬಂಧವಿರುವಂತೆ ತೋರುತ್ತವೆ. ಇಂತಹ ಹುಸಿ ಫಲಿತಾಂಶಗಳ ಪ್ರಮಾಣವನ್ನು ನಿಯಂತ್ರಿಸುವ ವಿಧಾನವನ್ನು ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಮಂಡಿಸಿದರು.

ಮಿತಿಗಳು

ಯಂತ್ರವು ದತ್ತಾಂಶದಲ್ಲಿರುವ ಸಂಬಂಧವನ್ನು ಕಲಿಯುತ್ತದೆಯೇ ಹೊರತು ಅದರ ಕಾರಣವನ್ನಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ನ್ಯುಮೋನಿಯಾ ಅಧ್ಯಯನವೊಂದರಲ್ಲಿ, ಅಸ್ತಮಾ ಇರುವವರಿಗೆ ಸಾವಿನ ಅಪಾಯ ಕಡಿಮೆ ಎಂಬ ನಿಯಮವನ್ನು ಯಂತ್ರವು ಕಲಿತಿತ್ತು. ವಾಸ್ತವದಲ್ಲಿ ಅಂತಹ ರೋಗಿಗಳನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದುದರಿಂದಲೇ ಅವರಲ್ಲಿ ಹೆಚ್ಚಿನವರು ಬದುಕುಳಿಯುತ್ತಿದ್ದರು. ಆ ನಿಯಮವನ್ನು ನಂಬಿ ಅವರನ್ನು ಮನೆಗೆ ಕಳುಹಿಸಿದ್ದರೆ ಪ್ರಾಣಾಪಾಯ ಉಂಟಾಗುತ್ತಿತ್ತು.

ಕಲಿಕೆಗೆ ಬಳಸಿದ ದತ್ತಾಂಶಕ್ಕೆ ಮಾದರಿಯು ಅತಿಯಾಗಿ ಹೊಂದಿಕೊಂಡು, ಹೊಸ ರೋಗಿಗಳ ವಿಷಯದಲ್ಲಿ ತಪ್ಪುವುದು ಮತ್ತೊಂದು ದೋಷ. ಆದ್ದರಿಂದ ಮಾದರಿಯನ್ನು ಕಲಿಕೆಗೆ ಬಳಸದ ದತ್ತಾಂಶದ ಮೇಲೆ, ಸಾಧ್ಯವಾದರೆ ಬೇರೊಂದು ಆಸ್ಪತ್ರೆಯ ರೋಗಿಗಳ ಮೇಲೆ, ಪರೀಕ್ಷಿಸಿದ ನಂತರವೇ ಚಿಕಿತ್ಸೆಯಲ್ಲಿ ಬಳಸುವುದು ಸೂಕ್ತವೆಂದು ಪರಿಗಣಿಸಲಾಗಿದೆ.